ದೀಪದ ಬುಡದ ಕತ್ತಲೆ
(ಎಂ. ಎಲ್. ಸ್ಟೆಡ್‌ಮನ್ ಅವರ ‘ದಿ ಲೈಟ್ ಬಿಟ್ವೀನ್ ಓಷನ್ಸ್’ ಕಾದಂಬರಿಯನ್ನು ಕುರಿತು)

ಐತಿಹಾಸಿಕ ಕಾದಂಬರಿ ಎಂದೊಡನೆ ಕನ್ನಡ ಓದುಗನ ಕಣ್ಣಮುಂದೆ ಬಂದು ನಿಲ್ಲುವುದು ಅರಮನೆ, ಇಲ್ಲವೇ ಕೋಟೆ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ದಲ್ಲಿ ಹೊಯ್ಸಳರ ಆಸ್ಥಾನ, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಮಡಿಕೇರಿಯ ಅರಮನೆ, ತ. ರಾ. ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಚಿತ್ರದುರ್ಗದ ಏಳುಸುತ್ತಿನ ಕೋಟೆ. ನಾವು ಬಂದು ನೆಲೆಸಿರುವ ಈ ನಾಡಿನಲ್ಲೂ ಸಂಗತಿ ಬೇರೆಯೇನಲ್ಲ. 1891ರಲ್ಲಿ ಪ್ರಕಟವಾದ ಸಿ. ವಿ. ರಾಮನ್ ಪಿಳ್ಳೆಯವರ ‘ಮಾರ್ತಾಂಡವರ್ಮ’ ವೇಣಾಡಿನ ಸಿಂಹಾಸನದ ಕಲಹದ ಸುತ್ತ ಹೆಣೆದ ಕಥೆ. ಕನ್ನಡನಾಡಿಗೂ ಕೇರಳಕ್ಕೂ ಪಡುವಣದುದ್ದಕ್ಕೂ ಕಡಲಿದೆ. ಆದರೂ ನಮ್ಮ ಐತಿಹಾಸಿಕ ಪ್ರೇಮಕಥೆಗಳಲ್ಲಿ ಕಡಲು ಬಹುಮಟ್ಟಿಗೆ ಬೆನ್ನ ಹಿಂದೆಯೇ ಉಳಿದಿದೆ. ನಾಯಕ ರಾಜನಾಗಿರಬೇಕು, ಇಲ್ಲವೇ ದಳವಾಯಿಯಾಗಿರಬೇಕು. ನಾಯಕಿ ಅವನಿಗಾಗಿ ಕಾಯಬೇಕು. ತಿಂಗಳ ಸಂಬಳಕ್ಕೆ ಎಣ್ಣೆಯ ಲೆಕ್ಕ ಬರೆಯುವ ದೀಪಸ್ತಂಭದ ನೌಕರನೊಬ್ಬ ಇತಿಹಾಸದ ನಾಯಕನಾಗಬಹುದೆಂದು ನಮಗೆ ತೋರಿದ್ದು ಕಡಿಮೆ.

ದೀಪಸ್ತಂಭಗಳಿಗೇನೂ ನಮ್ಮಲ್ಲಿ ಕೊರತೆಯಿಲ್ಲ. ಆಲಪ್ಪುಳದ ದೀಪ 1862ರದು. ಕಾರವಾರದೆದುರಿನ ಆಯ್ಸ್ಟರ್ ರಾಕ್ ನಡುಗಡ್ಡೆಯದು 1864ರದು, ಕಾಪುವಿನದು 1901ರದು. ಕೋವಳಂಗೆ ಹೋದವರೆಲ್ಲ ನೋಡುವ ವಿಳಿಂಜಂ ದೀಪಸ್ತಂಭ 1972ರಲ್ಲಿ ಬೆಳಗತೊಡಗಿತು, ವೈಪಿನ್ನಿನದು 1979ರಲ್ಲಿ. ಇನ್ನು ನಿಜವಾಗಿ ಏಕಾಂತದ ದೀಪ ಬೇಕೆಂದರೆ ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ದೂರದ ಮಿನಿಕಾಯ್ ಇದೆ. ಅಲ್ಲಿಯ ಗೋಪುರದಲ್ಲಿ 1885ರಿಂದಲೂ ದೀಪ ಉರಿಯುತ್ತಿದೆ. ಇವುಗಳ ಮೇಲೆ ಹತ್ತಿ ಗಾಳಿ ಸವಿದು ಇಳಿದು ಬರುವ ನಮಗೆ, ರಾತ್ರಿಯೆಲ್ಲ ಅಲ್ಲಿ ಎಚ್ಚರವಾಗಿದ್ದವರ ಸಂಸಾರ ಹೇಗಿತ್ತೆಂಬ ಪ್ರಶ್ನೆ ಏಳುವುದು ಅಪರೂಪ. ಆ ಪ್ರಶ್ನೆಯನ್ನೇ ಎತ್ತಿಕೊಂಡು ಬರೆದ ಕೃತಿ ‘ದಿ ಲೈಟ್ ಬಿಟ್ವೀನ್ ಓಷನ್ಸ್’. ಎಂದರೆ, ಎರಡು ಕಡಲುಗಳ ನಡುವಿನ ದೀಪ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವಕೀಲಿಕೆ ಮಾಡಿದ್ದ ಸ್ಟೆಡ್‌ಮನ್ ಅವರ ಮೊದಲ ಕಾದಂಬರಿ ಇದು. ಪ್ರಕಟವಾದದ್ದು 2012ರಲ್ಲಿ, 2016ರಲ್ಲಿ ಚಲನಚಿತ್ರವೂ ಆಯಿತು. ಅನೇಕರು ಚಿತ್ರವನ್ನು ನೋಡಿ, ಕಣ್ಣೊರೆಸಿಕೊಂಡು, ಪುಸ್ತಕ ಓದುವ ಅಗತ್ಯವಿಲ್ಲವೆಂದುಕೊಂಡಿರಬಹುದು. ಅಗತ್ಯವಿದೆ ಎಂಬುದೇ ಈ ಲೇಖನದ ವಾದ.

ಕಥೆಯನ್ನು ಮೊದಲು ಹೇಳಿಬಿಡೋಣ. ಟಾಮ್ ಶೆರ್ಬರ್ನ್ ಮೊದಲ ಮಹಾಯುದ್ಧದಲ್ಲಿ ಕಾದಾಡಿ ಬದುಕುಳಿದು ಬಂದವನು. ಬಾಲ್ಯದಲ್ಲೇ ತಾಯಿ ಮನೆಬಿಟ್ಟು ಹೋಗಿದ್ದಳು. ಯುದ್ಧದಲ್ಲಿ ತಾನು ಕೊಂದವರ ಲೆಕ್ಕ ಅವನ ಮನಸ್ಸಿನಿಂದ ಅಳಿಸಿಲ್ಲ. ಜನರಿಂದ ದೂರವಿರಬೇಕೆಂದು ಅವನು ದೀಪಸ್ತಂಭದ ನೌಕರಿ ಹಿಡಿದು ಜಾನಸ್ ಎಂಬ ಬಂಡೆದ್ವೀಪಕ್ಕೆ ಬರುತ್ತಾನೆ. ಹಿಂದೂ ಮಹಾಸಾಗರವೂ ದಕ್ಷಿಣದ ಮಹಾಸಾಗರವೂ ಕೂಡುವಲ್ಲಿ, ತೀರದಿಂದ ಸುಮಾರು ನೂರು ಮೈಲಿ ದೂರದಲ್ಲಿ ಕಾದಂಬರಿಕಾರ್ತಿ ಕಲ್ಪಿಸಿಕೊಂಡಿರುವ ದ್ವೀಪ ಅದು. ಮೂರು ತಿಂಗಳಿಗೊಮ್ಮೆ ಸಾಮಾನಿನ ದೋಣಿ ಬರುತ್ತದೆ. ಉಳಿದಂತೆ ಗಾಳಿ, ನೀರು, ದೀಪ. ತೀರದ ಊರಿನ ಇಸಬೆಲ್ ಎಂಬ ಲವಲವಿಕೆಯ ಹುಡುಗಿ ಅವನನ್ನು ಮೆಚ್ಚಿ ಮದುವೆಯಾಗಿ ದ್ವೀಪಕ್ಕೆ ಬರುತ್ತಾಳೆ. ಎರಡು ಸಲ ಗರ್ಭ ನಿಲ್ಲುವುದಿಲ್ಲ. ಮೂರನೆಯ ಮಗು ಹುಟ್ಟುವಾಗಲೇ ಜೀವವಿರುವುದಿಲ್ಲ. ಆ ಗೋರಿಯ ಮಣ್ಣು ಇನ್ನೂ ಹಸಿಯಾಗಿರುವಾಗಲೇ, 1926ರ ಏಪ್ರಿಲ್ 27ರಂದು, ಒಂದು ದೋಣಿ ತೇಲಿಬರುತ್ತದೆ. ಅದರಲ್ಲೊಬ್ಬ ಸತ್ತ ಗಂಡಸು, ಅಳುತ್ತಿರುವ ಒಂದು ಹಸುಗೂಸು.

ಟಾಮ್ ಮಾಡಬೇಕಾದದ್ದು ಸ್ಪಷ್ಟ: ದಿನಚರಿಯ ಪುಸ್ತಕದಲ್ಲಿ ಬರೆದು, ತೀರಕ್ಕೆ ಸಂದೇಶ ಕಳಿಸಬೇಕು. ಹೆಂಡತಿ ಒಂದು ದಿನ ತಡೆ ಎನ್ನುತ್ತಾಳೆ. ಆ ಒಂದು ದಿನ ವರ್ಷಗಳಾಗುತ್ತವೆ. ಸತ್ತವನನ್ನು ಹೂಳುತ್ತಾರೆ. ಕೂಸಿಗೆ ಲೂಸಿ ಎಂದು ಹೆಸರಿಟ್ಟು ತಮ್ಮದೆಂದೇ ಸಾಕುತ್ತಾರೆ. ರಜೆಯ ಮೇಲೆ ಊರಿಗೆ ಬಂದಾಗ ತಿಳಿಯುತ್ತದೆ: ಮಗುವಿನ ತಾಯಿ ಹ್ಯಾನಾ ಅದೇ ಊರಿನಲ್ಲಿ ಬದುಕಿದ್ದಾಳೆ; ಗಂಡನನ್ನೂ ಮಗುವನ್ನೂ ಕಡಲು ನುಂಗಿತೋ ಉಳಿಸಿತೋ ತಿಳಿಯದೆ ಹುಚ್ಚಿಯಂತೆ ಅಲೆಯುತ್ತಿದ್ದಾಳೆ.

ಇಷ್ಟು ಕೇಳಿದರೆ ಕಣ್ಣೀರಿಗೆಂದೇ ಕಟ್ಟಿದ ಕಥೆಯಂತೆ ಕಾಣುತ್ತದೆ. ದೀಪಸ್ತಂಭವನ್ನು ಪ್ರೇಮಕಥೆಯ ರಂಗಸಜ್ಜಿಕೆ ಮಾಡಿಕೊಳ್ಳುವ ಪರಿಪಾಠ ಹಳೆಯದು. 1838ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್, ತಂದೆಯೊಡನೆ ಬಿರುಗಾಳಿಯಲ್ಲಿ ದೋಣಿ ಹುಟ್ಟುಹಾಕಿ, ಒಡೆದ ಹಡಗಿನವರನ್ನು ಕಾಪಾಡಿದಳು. ಪತ್ರಿಕೆಗಳೂ ಚಿತ್ರಕಾರರೂ ಪದ್ಯಗಾರರೂ ಅವಳ ಬೆನ್ನುಬಿದ್ದರು. ನಾಲ್ಕೇ ವರ್ಷದಲ್ಲಿ, 26ನೆಯ ವಯಸ್ಸಿಗೆ, ಅವಳು ಕ್ಷಯದಿಂದ ತೀರಿಕೊಂಡಳು. ಅವಳ ದುಡಿಮೆಗಿಂತ ಬಿರುಗಾಳಿಗೆ ಕೆದರಿದ ಅವಳ ಕೂದಲೇ ಜನಕ್ಕೆ ಹೆಚ್ಚು ಪ್ರಿಯವಾಯಿತು. ಐತಿಹಾಸಿಕ ಪ್ರೇಮಕಥೆ ಎಂಬ ಪ್ರಕಾರದ ಅಪಾಯವೇ ಇದು. ಹಳೆಯ ಕಾಲದ ಉಡುಪು, ಹಳೆಯ ಕಾಲದ ದೀಪ, ಅದರಡಿಯಲ್ಲಿ ಇಂದಿನ ಓದುಗನಿಗೆ ಬೇಕಾದ ಪ್ರಣಯ. ಇತಿಹಾಸವನ್ನು ತೆಗೆದುಹಾಕಿದರೂ ಕಥೆ ನಿಲ್ಲುವುದಾದರೆ, ಆ ಇತಿಹಾಸ ಬರಿಯ ಪರದೆ.

ಸ್ಟೆಡ್‌ಮನ್ ಅವರ ಕೃತಿಗೆ ಈ ಪರೀಕ್ಷೆಯನ್ನು ಒಡ್ಡಿ ನೋಡಬೇಕು. ಯುದ್ಧವನ್ನು ತೆಗೆದುಬಿಟ್ಟರೆ ಇಲ್ಲಿ ಏನು ಉಳಿಯುತ್ತದೆ? ಏನೂ ಉಳಿಯುವುದಿಲ್ಲ. ಆಗ ಐವತ್ತು ಲಕ್ಷಕ್ಕೂ ಕಡಿಮೆ ಜನರಿದ್ದ ಆಸ್ಟ್ರೇಲಿಯ ಆ ಯುದ್ಧದಲ್ಲಿ ಸುಮಾರು 60,000 ಮಂದಿಯನ್ನು ಕಳೆದುಕೊಂಡಿತು. ಇಸಬೆಲ್‌ಳ ಇಬ್ಬರು ಅಣ್ಣಂದಿರೂ ಆ ಲೆಕ್ಕದಲ್ಲಿ ಸೇರಿದವರು. ಅವಳ ತಂದೆತಾಯಿಗೆ ಈ ಮೊಮ್ಮಗಳು ಬರಿಯ ಮೊಮ್ಮಗಳಲ್ಲ, ಬರಿದಾದ ಮನೆಗೆ ಮರಳಿಬಂದ ಉಸಿರು. ಟಾಮ್‌ನ ನಿಯಮನಿಷ್ಠೆಯೂ ಸಹಜಗುಣವೇನಲ್ಲ. ಕೊಲ್ಲುವುದೇ ನಿಯಮವಾಗಿದ್ದ ಕಡೆಯಿಂದ ಬಂದವನು, ಸರಿತಪ್ಪುಗಳನ್ನು ಗೆರೆ ಕೊಯ್ದಂತೆ ತೋರುವ ಒಂದು ಪುಸ್ತಕಕ್ಕೆ ಜೋತುಬಿದ್ದಿದ್ದಾನೆ. ಇನ್ನು ದೋಣಿಯಲ್ಲಿ ಸತ್ತುಬಂದ ಫ್ರಾಂಕ್: ಜರ್ಮನ್ ಮಾತಿನ ಹೆಸರು ಹೊತ್ತ ಒಬ್ಬ ರೊಟ್ಟಿ ಮಾಡುವವನು. ಗಲಿಪೊಲಿಯಲ್ಲಿ ಸೈನ್ಯ ಇಳಿದ ನೆನಪಿಗೆ ಏಪ್ರಿಲ್ 25ರಂದು ಆಚರಿಸುವ ಆನ್ಜಾಕ್ ದಿನದಂದೇ ಕುಡಿದ ಜನರ ಗುಂಪೊಂದು ಅವನ ಬೆನ್ನಟ್ಟುತ್ತದೆ. ಕೂಸನ್ನೆತ್ತಿಕೊಂಡು ಅವನು ಸಿಕ್ಕಿದ ದೋಣಿ ಹತ್ತುತ್ತಾನೆ. ಯುದ್ಧಕಾಲದಲ್ಲಿ ಆ ದೇಶ ಸುಮಾರು 7,000 ಮಂದಿಯನ್ನು ಶತ್ರುಮೂಲದವರೆಂದು ಶಿಬಿರಗಳಲ್ಲಿ ಕೂಡಿಹಾಕಿತ್ತು. ಯುದ್ಧ ಮುಗಿದು ಏಳೆಂಟು ವರ್ಷವಾದರೂ ಊರಿನ ಮನಸ್ಸಿನಲ್ಲಿ ಆ ಶಿಬಿರ ಇನ್ನೂ ತೆರೆದೇ ಇತ್ತು. ಮಗುವನ್ನು ದ್ವೀಪಕ್ಕೆ ತಂದದ್ದು ಅಲೆಯಲ್ಲ, ಊರಿನ ದ್ವೇಷ. ಆಮೇಲೆ ಅದೇ ಊರು ನ್ಯಾಯ ಕೇಳಲು ಟಾಮ್‌ನ ಮುಂದೆ ನಿಲ್ಲುತ್ತದೆ. ಅನ್ಯಭಾಷೆಯ ಊರಿನಲ್ಲಿ ಬಾಳುವ ನಮ್ಮಂಥವರು ಫ್ರಾಂಕ್‌ನ ಪುಟಗಳನ್ನು ತುಸು ನಿಧಾನವಾಗಿಯೇ ಓದುತ್ತೇವೆ. ನಮ್ಮನ್ನು ಈ ನಾಡು ಪ್ರೀತಿಯಿಂದಲೇ ಕಂಡಿದೆ, ನಿಜ. ಆದರೂ ಹೆಸರಿನ ಧ್ವನಿಯೊಂದರಿಂದಲೇ ಮನುಷ್ಯ ಹೊರಗಿನವನಾಗಿಬಿಡಬಹುದು ಎಂಬುದು ಊರು ಬಿಟ್ಟವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಕೃತಿಯ ನಡುಗಂಬವೆಂದರೆ ದೀಪದ ದಿನಚರಿ. ದೀಪಸ್ತಂಭದ ಕಾವಲುಗಾರ ದೀಪ ಹಚ್ಚುವವನು ಮಾತ್ರನಲ್ಲ, ಬರೆಯುವವನೂ ಹೌದು. ದೀಪ ಎಷ್ಟು ಗಂಟೆಗೆ ಹತ್ತಿತು, ಎಷ್ಟು ಗಂಟೆಗೆ ಆರಿತು, ಗಾಳಿ ಯಾವ ಕಡೆಯದು, ಯಾವ ಹಡಗು ಹಾದುಹೋಯಿತು ಎಲ್ಲವೂ ಪುಸ್ತಕಕ್ಕೆ ಏರಬೇಕು. ಫ್ರಾನ್ಸಿನ ಫ್ರೆನೆಲ್ 1823ರಲ್ಲಿ ಕಾರ್ದುವಾನ್ ದೀಪಸ್ತಂಭದಲ್ಲಿ ಇಟ್ಟು ತೋರಿಸಿದ ಗಾಜಿನ ಏರ್ಪಾಡು ಒಂದು ಸಣ್ಣ ಜ್ವಾಲೆಯನ್ನು ಮೈಲಿಗಟ್ಟಲೆ ದೂರಕ್ಕೆ ಎಸೆಯಬಲ್ಲದು. ಆ ಭಾರವಾದ ಗಾಜಿನ ಪಂಜರ ಪಾದರಸದ ಮೇಲೆ ತೇಲುತ್ತ, ಗಡಿಯಾರದಂತೆ ಕೀಲಿ ಕೊಟ್ಟ ಯಂತ್ರದಿಂದ ತಿರುಗುತ್ತದೆ; ಕೀಲಿ ಕೊಡಲು ರಾತ್ರಿಯೂ ಏಳಬೇಕು. ಕಾದಂಬರಿಕಾರ್ತಿ ಈ ವಿವರಗಳನ್ನು ಅಲಂಕಾರಕ್ಕಾಗಿ ತಂದಿಲ್ಲ. ಟಾಮ್‌ನ ಮೊದಲ ಅಪರಾಧ ಮಗುವನ್ನು ಇಟ್ಟುಕೊಂಡದ್ದಲ್ಲ. ಆ ದಿನದ ಪುಟದಲ್ಲಿ ದೋಣಿಯ ವಿಷಯ ಬರೆಯದೆ ಬಿಟ್ಟದ್ದು. ಒಂದು ಸಾಲಿನಷ್ಟು ಖಾಲಿ ಜಾಗ. ಅಲ್ಲಿಂದ ಮುಂದೆ ಅವನು ಬರೆದ ನಿಜವೆಲ್ಲ ಆ ಖಾಲಿ ಜಾಗವನ್ನು ಮುಚ್ಚುವ ಕೆಲಸಕ್ಕೇ ಸಲ್ಲುತ್ತದೆ. ಕಾನೂನು ಬಲ್ಲ ಲೇಖಕಿಯ ಕಣ್ಣು ಇಲ್ಲಿ ಕೆಲಸ ಮಾಡಿದೆ. ಸುಳ್ಳು ಹೇಳದೆಯೂ ಸುಳ್ಳುಗಾರನಾಗುವುದು ಹೇಗೆಂಬುದನ್ನು ಅವರು ಭಾಷಣವಿಲ್ಲದೆ ತೋರಿಸಿದ್ದಾರೆ.

ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಯನ್ನು ಲೇಖಕಿ ಕೇಳಿರಲಾರರು. ಆದರೂ ಅವರ ಕಥೆಯ ತಿರುಳು ಅದೇ. ಜಾನಸ್‌ನ ದೀಪ ದೂರದ ಹಡಗುಗಳಿಗೆ ದಾರಿ ತೋರುತ್ತದೆ. ಕೆಳಗಿನ ಪುಟ್ಟ ಮನೆಗೆ ಅದರ ಬೆಳಕು ಬೀಳುವುದಿಲ್ಲ. ದ್ವೀಪಕ್ಕೆ ಇಟ್ಟ ಹೆಸರೂ ಎರಡು ಮುಖದ ರೋಮನ್ ದೇವತೆಯದು. ಒಂದು ಮುಖ ಹಿಂದಕ್ಕೆ, ಒಂದು ಮುಂದಕ್ಕೆ. ಟಾಮ್ ಹ್ಯಾನಾಳ ಕಡೆಗೆ ನೋಡುತ್ತಾನೆ, ಇಸಬೆಲ್ ಮಗುವಿನ ಕಡೆಗೆ. ಇಬ್ಬರು ನೋಡುವುದೂ ಪ್ರೀತಿಯಿಂದಲೇ. ಒಬ್ಬರು ಕಂಡದ್ದು ಮಾತ್ರ ಇನ್ನೊಬ್ಬರಿಗೆ ಕಾಣದು.

ಹ್ಯಾನಾಳ ಭಾಗ ಕೃತಿಯಲ್ಲಿ ತಡವಾಗಿ ಬರುತ್ತದೆ, ಆದರೆ ಬಂದ ಮೇಲೆ ಓದುಗನನ್ನು ಬಿಡುವುದಿಲ್ಲ. ಅವಳ ದುಃಖಕ್ಕೆ ಒಂದು ವಿಶೇಷವಿದೆ. ಅದು ಸಾವಿನ ದುಃಖವಲ್ಲ, ತಿಳಿಯದಿರುವುದರ ದುಃಖ. ಆಲುವಾದಲ್ಲಿ ಶಿವರಾತ್ರಿಯ ಮರುಬೆಳಗು ಪೆರಿಯಾರಿನ ಮಣಪ್ಪುರದಲ್ಲಿ ಸಾವಿರಾರು ಜನ ಹಿರಿಯರಿಗೆ ಬಲಿ ಇಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಹಿಡಿ ಅನ್ನ, ಎಳ್ಳು, ನೀರು. ಅಷ್ಟರಲ್ಲಿ ಅಳುವಿಗೊಂದು ದಡ ಸಿಗುತ್ತದೆ. ಆದರೆ ಸತ್ತರೆಂದು ತಿಳಿಯದವರಿಗೆ ಬಲಿ ಇಡುವುದು ಹೇಗೆ? 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬೀಸಿದಾಗ ಪೂಂದುರ, ವಿಳಿಂಜಂ ಕಡೆಯ ಬೆಸ್ತರ ಮನೆಗಳಲ್ಲಿ ಹೆಂಗಸರು ಎಷ್ಟೋ ದಿನ ಕಡಲಿಗೆ ಮುಖಮಾಡಿ ಕುಳಿತಿದ್ದರು. ಕೆಲವರ ಗಂಡಂದಿರು ಬರಲೂ ಇಲ್ಲ, ಅವರ ಹೆಣ ಸಿಗಲೂ ಇಲ್ಲ. ಸಿ. ವಿ.ಯವರ ‘ಮಾರ್ತಾಂಡವರ್ಮ’ದ ಪಾರುಕುಟ್ಟಿಯೂ ಸತ್ತನೆಂದು ಊರೆಲ್ಲ ಹೇಳುವ ಅನಂತಪದ್ಮನಾಭನಿಗಾಗಿ ಕಾಯುತ್ತಾಳೆ, ಕಾದಂಬರಿ ಅವಳಿಗೆ ಅವನನ್ನು ಮರಳಿ ಕೊಡುತ್ತದೆ. ಅದು ಹಳೆಯ ಪ್ರೇಮಕಥೆಯ ಔದಾರ್ಯ. ಸ್ಟೆಡ್‌ಮನ್ ಅಷ್ಟು ಉದಾರಿಯಲ್ಲ. ಮಗು ಸುಖವಾಗಿದೆ, ಗಂಡ ದೇವರ ಪಾದ ಸೇರಿದ್ದಾನೆ ಎಂದು ಟಾಮ್ ಹೆಸರಿಲ್ಲದ ಚೀಟಿಯೊಂದನ್ನು ಹ್ಯಾನಾಳಿಗೆ ತಲುಪಿಸುತ್ತಾನೆ. ಅವನಿಗೆ ಇದು ಸಮಾಧಾನ, ಅವಳಿಗೆ ಹೊಸ ಸಂಕಟ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ಸುಡುತ್ತದೆ ಎಂಬುದನ್ನು ಈ ಪುಟಗಳಷ್ಟು ಚೆನ್ನಾಗಿ ಹೇಳಿದ ಕೃತಿಗಳು ಕಡಿಮೆ.

ನೀರಿನಲ್ಲಿ ತೇಲಿಬಂದ ಮಗು ನಮಗೆ ಹೊಸದಲ್ಲ. ಕುಂತಿ ತೇಲಿಬಿಟ್ಟ ಪೆಟ್ಟಿಗೆ ರಾಧೆಯ ಕೈ ಸೇರಿತು. ಕರ್ಣ ಕೌಂತೇಯನೂ ಹೌದು, ರಾಧೇಯನೂ ಹೌದು. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳಿಗೆ ಅವನ ಮೇಲೆ ಮುಗಿಯದ ಪ್ರೀತಿ. ಅಲ್ಲಿ ಹೆತ್ತವಳೇ ಕೈಬಿಟ್ಟದ್ದರಿಂದ ಸಾಕಿದವಳ ಮೇಲೆ ತಪ್ಪಿಲ್ಲ. ಇಲ್ಲಿ ಹೆತ್ತವಳು ಕೈಬಿಟ್ಟಿಲ್ಲ. ಗಂಟು ಇನ್ನಷ್ಟು ಬಿಗಿಯಾಗುವುದು ಇದರಿಂದಲೇ. ಒಂದು ಮಗುವಿಗಾಗಿ ಇಬ್ಬರು ತಾಯಂದಿರು ಕಾದಾಡುವ ಕಥೆ ನಮ್ಮ ಜಾತಕಗಳಲ್ಲಿದೆ. ಮಹೋಸಧ ಪಂಡಿತ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ಎಳೆದುಕೊಳ್ಳಿ ಎಂದಾಗ ಕೈಬಿಟ್ಟವಳೇ ಹೆತ್ತವಳೆಂದು ತೀರ್ಪಾಯಿತು. ಬೈಬಲ್ಲಿನ ಸಾಲೊಮನ್ನನ ತೀರ್ಪೂ ಹೆತ್ತವಳ ಕಡೆಗೇ. ಜರ್ಮನ್ ನಾಟಕಕಾರ ಬ್ರೆಕ್ಟ್ ತನ್ನ ‘ಕಕೇಷಿಯನ್ ಚಾಕ್ ಸರ್ಕಲ್’ನಲ್ಲಿ ಇದನ್ನು ತಿರುಗಿಸಿ, ಕೈಬಿಟ್ಟ ಸಾಕುತಾಯಿಯನ್ನೇ ಗೆಲ್ಲಿಸಿದ. ಸ್ಟೆಡ್‌ಮನ್ ಅವರಲ್ಲಿ ಇಬ್ಬರೂ ಕೈಬಿಡುತ್ತಾರೆ. ಬೆಳ್ಳಿಯ ಗಿಲಕಿಯೊಂದರಿಂದ ಗುಟ್ಟು ಬಯಲಾಗಿ ಮಗು ಹ್ಯಾನಾಳ ಮನೆ ಸೇರುತ್ತದೆ. ನಾಲ್ಕು ವರ್ಷದ ಮಗು ಅಮ್ಮ ಬೇಕೆಂದು ಅಳುತ್ತದೆ. ಆದರೆ ಅಮ್ಮ ಎಂದರೆ ಇಸಬೆಲ್. ದೀಪಸ್ತಂಭ ಹುಡುಕುತ್ತ ಒಂದು ದಿನ ಓಡಿಹೋಗುತ್ತದೆ. ಮಗುವಿನ ಬಾಡಿದ ಮುಖ ನೋಡಲಾರದೆ ಹ್ಯಾನಾ ಅದನ್ನು ಮರಳಿ ಕೊಡಲೂ ಸಿದ್ಧಳಾಗುತ್ತಾಳೆ. ಆದರೆ ಟಾಮ್ ಶಿಕ್ಷೆಗೆ ಗುರಿಯಾಗಬೇಕು. ಅವನು ಈಗಾಗಲೇ ಎಲ್ಲ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡಿದ್ದಾನೆ. ಫ್ರಾಂಕ್‌ನನ್ನು ಕೊಂದನೆಂಬ ಅನುಮಾನವೂ ಅವನ ತಲೆಯ ಮೇಲಿದೆ. ಇಸಬೆಲ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮಗು ಅವಳದು. ಅವಳು ಬಾಯಿ ತೆರೆಯುತ್ತಾಳೆ. ಇಬ್ಬರು ತಾಯಂದಿರೂ ಕೈಬಿಟ್ಟ ಮೇಲೆ ಯಾವ ಮಹೋಸಧ ತೀರ್ಪು ಕೊಡಬೇಕು? ಹಳೆಯ ಕಥೆಯ ಪರೀಕ್ಷೆ ಇಲ್ಲಿ ಸೋಲುತ್ತದೆ; ಕಾದಂಬರಿ ಗೆಲ್ಲುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಕೃತಿಯೆಂದರೆ ನಾ. ಡಿಸೋಜ ಅವರ ‘ದ್ವೀಪ’. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಿತ್ರ ಮಾಡಿದರು. ಅದಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಅಣೆಕಟ್ಟಿನ ಹಿನ್ನೀರಿನ ನಡುವೆ ಉಳಿದುಬಿಟ್ಟ ಸಂಸಾರವದು. ಗಣಪ ಮತ್ತು ನಾಗಿಯ ನಡುವೆಯೂ ನೀರಿಗಿಂತ ಆಳವಾದದ್ದೊಂದು ಏರುತ್ತ ಹೋಗುತ್ತದೆ. ಚಿತ್ರದ ಕೊನೆಯಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯ್ದು ಮನೆ ಉಳಿಸಿದವಳು ನಾಗಿ; ಬೆಳಗಾದಾಗ ಗಂಡ ಅದರ ಕೀರ್ತಿಯನ್ನು ದೇವರಿಗೆ ಒಪ್ಪಿಸುತ್ತಾನೆ. ಎರಡು ಕೃತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ‘ದ್ವೀಪ’ದವರನ್ನು ಸರ್ಕಾರ ದ್ವೀಪವಾಗಿಸಿತು, ಜಾನಸ್‌ನವರು ತಾವೇ ಆರಿಸಿಕೊಂಡು ಹೋದವರು. ಬಡವನಿಗೆ ಏಕಾಂತ ರಮ್ಯವಲ್ಲ ಎಂಬುದನ್ನು ನಮ್ಮ ಕೃತಿ ಮರೆಯುವುದಿಲ್ಲ.

ಈ ಮಾತಿನಿಂದಲೇ ಸ್ಟೆಡ್‌ಮನ್ ಅವರ ಕೊರತೆಗಳೂ ಹೊಳೆಯುತ್ತವೆ. ಮೊದಲನೆಯದು, ಕಾಕತಾಳೀಯಗಳ ಭಾರ. ಇಸಬೆಲ್ ಮಗು ಕಳೆದುಕೊಂಡ ಸ್ವಲ್ಪ ದಿನಕ್ಕೇ ದೋಣಿ ಬರಬೇಕು, ಎದೆಯಲ್ಲಿ ಹಾಲಿನ್ನೂ ಇರಬೇಕು, ಹೆತ್ತ ತಾಯಿ ಅದೇ ಊರಿನವಳಾಗಿರಬೇಕು, ಗಿಲಕಿಯನ್ನು ಗುರುತಿಸುವವನು ಸಾಮಾನಿನ ದೋಣಿಯ ಆಳೇ ಆಗಿರಬೇಕು. ಒಂದನ್ನು ಒಪ್ಪಬಹುದು, ಎಲ್ಲವನ್ನೂ ಒಪ್ಪುವುದು ಕಷ್ಟ. ಎರಡನೆಯದು, ಆ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರಿಗೆ ಈ ಇತಿಹಾಸದಲ್ಲಿ ಸ್ಥಾನವೇ ಇಲ್ಲವೆನ್ನಬೇಕು. ಮಗುವನ್ನು ತಾಯಿಯಿಂದ ಅಗಲಿಸುವ ದುಃಖ ಆ ದಶಕಗಳಲ್ಲಿ ಅಲ್ಲಿಯ ಮೂಲನಿವಾಸಿ ತಾಯಂದಿರಿಗೆ ಸರ್ಕಾರದ ನೀತಿಯಾಗಿಯೇ ಬಂದಿತ್ತು. ಅವರ ಮಕ್ಕಳನ್ನು ಎತ್ತಿಕೊಂಡು ಹೋಗಿ ಬೇರೆಡೆ ಬೆಳೆಸಲಾಯಿತು. ಇದೇ ವಿಷಯದ ಕಾದಂಬರಿ ಅದರತ್ತ ಒಮ್ಮೆಯಾದರೂ ದೀಪ ತಿರುಗಿಸಬೇಕಿತ್ತು. ದಿನಚರಿಯ ಖಾಲಿ ಸಾಲಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದ ಲೇಖಕಿಯ ಕೃತಿಯಲ್ಲೇ ಇಂಥದೊಂದು ಖಾಲಿ ಸಾಲು ಉಳಿದಿದೆ.

ಚಿತ್ರದ ಬಗ್ಗೆ ಎರಡು ಮಾತು. ಡೆರೆಕ್ ಸಿಯಾನ್‌ಫ್ರಾನ್ಸ್ ನಿರ್ದೇಶಿಸಿದ ಈ ಚಿತ್ರದ ದೀಪಸ್ತಂಭ ನ್ಯೂಜಿಲೆಂಡಿನ ಕೇಪ್ ಕ್ಯಾಂಪ್‌ಬೆಲ್‌ನದು, ದ್ವೀಪವಲ್ಲ, ಭೂಶಿರ. ಮೈಕೇಲ್ ಫಾಸ್‌ಬೆಂಡರ್ ಅವರೂ ಅಲಿಸಿಯಾ ವಿಕಾಂಡರ್ ಅವರೂ ಚೆನ್ನಾಗಿ ಅಭಿನಯಿಸಿದ್ದಾರೆ. ಆದರೆ ಮಾತು ನಿಂತಲ್ಲೆಲ್ಲ ಸೂರ್ಯಾಸ್ತ ಬರುತ್ತದೆ. ಪುಸ್ತಕದಲ್ಲಿ ಮೌನವಿದ್ದ ಕಡೆ ಇಲ್ಲಿ ನೋಟವಿದೆ, ಲೆಕ್ಕದ ಪುಸ್ತಕವಿದ್ದ ಕಡೆ ಪಿಟೀಲಿದೆ. ಬೆಳಕು ಎಲ್ಲೆಲ್ಲೂ ಬಿದ್ದುಬಿಟ್ಟಿರುವುದರಿಂದ ಬುಡದ ಕತ್ತಲೆ ಕಾಣದಾಗಿದೆ.

ಕೊನೆಯಲ್ಲಿ, 1950ರಲ್ಲಿ, ಬೆಳೆದು ತಾಯಿಯಾದ ಹುಡುಗಿ ತನ್ನ ಕೂಸನ್ನೆತ್ತಿಕೊಂಡು ಟಾಮ್‌ನನ್ನು ನೋಡಲು ಬರುತ್ತಾಳೆ. ಇಸಬೆಲ್ ಆಗ ಇಲ್ಲ. ಹುಡುಗಿಯ ಹೆಸರು ಲೂಸಿಯೂ ಅಲ್ಲ, ಹೆತ್ತವರಿಟ್ಟ ಗ್ರೇಸೂ ಅಲ್ಲ, ಲೂಸಿ-ಗ್ರೇಸ್. ಎರಡು ಮನೆಯೂ ತನ್ನವೆಂದು ಅವಳು ಒಪ್ಪಿಕೊಂಡದ್ದಕ್ಕೆ ಆ ಹೆಸರೇ ಸಾಕ್ಷಿ. ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಹುಟ್ಟಿ, ಮನೆಯಲ್ಲಿ ಕನ್ನಡ ಕೇಳಿ, ಬೀದಿಯಲ್ಲಿ ಮಲಯಾಳ ಆಡಿ, ಅಜ್ಜಿಯ ಪ್ರಶ್ನೆಗೆ ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಉತ್ತರ ಹೇಳುವ ನಮ್ಮ ಮಕ್ಕಳನ್ನು ನೆನೆದಾಗ ಈ ಜೋಡಿ ಹೆಸರು ಬೇರೆಯದೇ ಅರ್ಥ ಕೊಡುತ್ತದೆ. ಮಗುವನ್ನು ಗೆರೆಯ ಎರಡೂ ಕಡೆಗೆ ಎಳೆಯುವ ಕೆಲಸ ನಾವೂ ಆಗಾಗ ಮಾಡುತ್ತೇವೆ. ನೀನು ಯಾವ ಊರಿನವನು ಹೇಳು ಎನ್ನುತ್ತೇವೆ. ಹೆತ್ತ ನುಡಿಯನ್ನು ಬಿಡಬಾರದು, ನಿಜ. ಅದಕ್ಕಾಗಿ ಸಾಕಿದ ನುಡಿಯನ್ನು ಕಳ್ಳತನದ್ದೆಂದು ಹೇಳಿಕೊಡಬೇಕಾಗಿಲ್ಲ.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ತಂದೆತಾಯಿಯೂ ಮಕ್ಕಳೂ ಈ ಪುಸ್ತಕವನ್ನು ಓದಿ, ಮಗು ಯಾರಿಗೆ ಸೇರಬೇಕಿತ್ತೆಂದು ಊಟದ ಹೊತ್ತಿಗೆ ವಾದ ಮಾಡಬಹುದು. ಒಂದೇ ಮನೆಯಲ್ಲಿ ಎರಡು ತೀರ್ಪು ಬಂದರೂ ಆಶ್ಚರ್ಯವಿಲ್ಲ. ಇನ್ನು ನಮ್ಮ ಲೇಖಕರಲ್ಲೊಂದು ಕೇಳಿಕೆ: ಆಯ್ಸ್ಟರ್ ರಾಕ್ ಕಾರವಾರದ ಎದುರಿಗೇ ಇದೆ, ಅಲ್ಲಿ 1864ರಿಂದ ರಾತ್ರಿ ಕಾಯ್ದವರಿದ್ದರು, ಅವರ ಹೆಂಡಿರು ಮಕ್ಕಳಿದ್ದರು. ಕೋಟೆಗಳ ಕಥೆ ಸಾಕಷ್ಟಾಯಿತು. ಆ ಬಂಡೆಯ ಮೇಲಿನ ಸಂಸಾರವನ್ನು ಯಾರಾದರೂ ಬರೆಯಲಿ.